ಪರ್ಸೊಂ ಬಿದ್ದ ಮಿನಾರು

ಬೀದರಿನ ಹಳೇ ಊರಲ್ಲಿ ಮನೆ ಹಿಡಿದ ಮೊದಲ ವಾರ. ಸಂಜೆ ಮಾಳಿಗೆ ಮೇಲೆ ನಿಂತಿದ್ದೆ. ಎದುರಿಗೆ ಮಹಮೂದ್ ಗಾವಾನನ ಮದರಸಾ. ಒಂದು ಮಿನಾರು ನೆಟ್ಟಗೆ ಆಕಾಶಕ್ಕೆ ನಿಂತಿದೆ, ಜೋಡಿ ಮಿನಾರು ಇರಬೇಕಾದ ಕಡೆ ಬರೀ ಆಕಾಶ. ಪಕ್ಕದಲ್ಲಿ ಪಾರಿವಾಳಗಳಿಗೆ ಜೋಳ ಚೆಲ್ಲುತ್ತಿದ್ದ ಮನೆ ಮಾಲೀಕ ಚಾಚಾರನ್ನು ಕೇಳಿದೆ, "ಚಾಚಾ, ಇನ್ನೊಂದು ಮಿನಾರ್ ಎಂದ್ ಬಿತ್ರಿ?"

ಚಾಚಾ ಬಾಯೊಳಗಿನ ಪಾನನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದರು. "ಪರ್ಸೊಂ" ಎಂದರು.

ನಾನು ಬೆಚ್ಚಿಬಿದ್ದೆ. ಪರ್ಸೊಂ ಅಂದರೆ ಮೊನ್ನೆ. ಮೊನ್ನೆ ನಾನು ಇನ್ನೂ ಭಾಲ್ಕಿಯಲ್ಲಿ ಪಾತ್ರೆ ಪಗಡ ಕಟ್ಟುತ್ತಿದ್ದೆ. ನೂರಮೂವತ್ತು ಅಡಿ ಎತ್ತರದ ಮಿನಾರು ಬಿದ್ದರೆ ಪೇಪರಿನಲ್ಲಿ ಬರಬೇಡವೇ? ಅದು ನಿಜವಾಗಿ ಬಿದ್ದದ್ದು ಔರಂಗಜೇಬನ ಕಾಲದಲ್ಲಿ, 1696ರ ಸುಮಾರಿಗೆ ಎಂದು ತಿಳಿದದ್ದು ಆಮೇಲೆ. ಓದುವ ಹುಡುಗರಿದ್ದ ಜಾಗದಲ್ಲಿ ಸಿಪಾಯಿಗಳನ್ನು ಇಳಿಸಿ, ಕೋಣೆಗಳಲ್ಲಿ ಸಿಡಿಮದ್ದು ತುಂಬಿಟ್ಟಿದ್ದರು. ಅದು ಹತ್ತಿಕೊಂಡು ಮಿನಾರಿನ ಜೊತೆಗೆ ಕಟ್ಟಡದ ಒಂದು ಮಗ್ಗುಲೇ ಹೋಯಿತು. ಸಿಡಿಲು ಬಡಿದೇ ಮದ್ದು ಹತ್ತಿತು ಎನ್ನುವವರೂ ಇದ್ದಾರೆ. ಏನೇ ಇರಲಿ, ಚಾಚಾರ ಲೆಕ್ಕದಲ್ಲಿ ಮುನ್ನೂರು ಚಿಲ್ಲರೆ ವರ್ಷ ಎಂದರೆ ಪರ್ಸೊಂ.

ದಖ್ಖನಿ ಉರ್ದು ಮಾತಾಡುವವರ ಪರ್ಸೊಂ ಹೀಗೇ ಎಂದು ಹೈದರಾಬಾದು ನೋಡಿದವರಿಗೆಲ್ಲ ಗೊತ್ತಂತೆ. ನಿನ್ನೆಯ ಹಿಂದಿನ ದಿನದಿಂದ ಹಿಡಿದು ಅಜ್ಜನ ಮದುವೆಯವರೆಗೆ ಎಲ್ಲವೂ ಅದರ ಹೊಟ್ಟೆಯಲ್ಲಿ ಹಿಡಿಸುತ್ತದೆ. ಕನ್ನಡ ಮಾಸ್ತರನಾದ ನಾನು ನಮ್ಮ 'ಮೊನ್ನೆ'ಯನ್ನು ಇದರ ಪಕ್ಕ ಇಟ್ಟು ನೋಡಿದೆ. ನಮ್ಮದೂ ಹಿಗ್ಗುತ್ತದೆ, ಆದರೆ ಒಂದೆರಡು ವರ್ಷಕ್ಕೆ ಅದರ ಜೀವ ಸೋಲುತ್ತದೆ. ಪರ್ಸೊಂಗೆ ಅಂಥ ಸೋಲಿಲ್ಲ. ಮೇಲಾಗಿ ಅದು ಮುಂದಕ್ಕೂ ಹೋಗುತ್ತದೆ. ನನ್ನ ಅಡುಗೆ ಮನೆ ಮಾಳಿಗೆ ಸೋರುತ್ತದೆ, ಎಂದು ರಿಪೇರಿ ಮಾಡಿಸುತ್ತೀರಿ ಎಂದು ಕೇಳಿದಾಗಲೂ ಬಂದ ಉತ್ತರ ಅದೇ. "ಪರ್ಸೊಂ ಮಾಡಿಸ್ತೀನ್ ನೋಡ್ರಿ ಮಾಸ್ತರ್." ಮಿನಾರಿನ ಪರ್ಸೊಂ ಗೊತ್ತಾದ ಮೇಲೆ ನಾನು ಸೋರುವ ಜಾಗದ ಕೆಳಗೆ ಒಂದು ಪಾತೇಲಿ ಇಟ್ಟುಕೊಂಡೆ.

ನನ್ನ ಊರು ಮೆಹಕರ, ಭಾಲ್ಕಿ ತಾಲ್ಲೂಕು. ತಾಲ್ಲೂಕು ಹೇಳದೆ ಬರೀ ಮೆಹಕರ ಅಂದರೆ ಕೆಡುತ್ತದೆ. ಮಹಾರಾಷ್ಟ್ರದ ಬುಲಢಾಣಾ ಜಿಲ್ಲೆಯಲ್ಲಿ ಇನ್ನೊಂದು ಮೆಹಕರ ಇದೆ, ಅದು ತಾಲ್ಲೂಕು ಊರು, ನಮ್ಮದಕ್ಕಿಂತ ದೊಡ್ಡದು. ನನ್ನ ಒಂದು ಪುಸ್ತಕದ ಪಾರ್ಸೆಲ್ಲು ಅಲ್ಲಿಗೆ ಹೋಗಿ, ಅಲ್ಲಿ ನನ್ನನ್ನು ಹುಡುಕಿ, ಸಿಗದೆ ವಾಪಸಾಯಿತು. ಫೋನಿನ ನಕ್ಷೆಗೆ ಮೆಹಕರ ಎಂದು ಹೇಳಿದರೆ ಅದೂ ಮೊದಲು ಬುಲಢಾಣಾ ದಾರಿಯನ್ನೇ ತೋರಿಸುತ್ತದೆ. ಹೀಗೆ ಸ್ವಂತ ಊರೇ ವಿಳಾಸಕ್ಕೆ ಸಿಗದವನು ನಾನು. ಬೀದರಿನ ಹಳೇ ಊರಿನ ವಿಳಾಸಕ್ಕೆ ಹೆದರಲಿಲ್ಲ.

ಹೆದರಬೇಕಿತ್ತು. ಇಲ್ಲಿ ವಿಳಾಸವೆಂದರೆ ಒಂದು ಕತೆ, ಆ ಕತೆ ಶುರುವಾಗುವುದು ಚೌಬಾರಾದಿಂದ. ನಾಲ್ಕು ರಸ್ತೆ ಕೂಡುವ ನಡುಮಧ್ಯೆ ದುಂಡಗೆ, ಗಿಡ್ಡ ಗೋಪುರದ ಹಾಗೆ ನಿಂತ ಎಪ್ಪತ್ತೊಂದು ಅಡಿಯ ಕಾವಲು ಬುರುಜು ಅದು. ಒಳಗೆ ಸುತ್ತು ಮೆಟ್ಟಿಲು, ತುದಿಯಲ್ಲಿ ಗಡಿಯಾರ. ಹಿಂದೆ ಅದರ ಮೇಲೆ ನಿಂತವನಿಗೆ ಕೋಟೆಯೂ ಊರೂ ಬಯಲೂ ಕಾಣುತ್ತಿತ್ತು. ಈಗ ಅದರ ಕೆಳಗೆ ನಿಂತವನಿಗೆ ಆಟೋ ಮಾತ್ರ ಕಾಣುತ್ತದೆ. "ಚೌಬಾರಾದಿಂದ ಕಿಲ್ಲೆ ಕಡೆ ಮುಖ ಮಾಡ್ರಿ" ಎಂದು ಶುರು ಮಾಡುತ್ತಾರೆ. "ತಖ್ತ್-ಎ-ಕಿರ್ಮಾನಿ ದಾಟ್ರಿ. ಮದರಸಾ ಬರ್ತದ. ಅಲ್ಲಿ ಯಾರಿಗರೆ ಕೇಳ್ರಿ." ಈ ಕೊನೆಯ ಮಾತಿಲ್ಲದ ವಿಳಾಸವನ್ನು ನಾನು ಹಳೇ ಊರಲ್ಲಿ ಕೇಳಿಲ್ಲ. ಪೋಸ್ಟಿನವನಿಗೂ ಅದೇ ಆಧಾರ.

ಊರನ್ನು ನಾಲ್ಕು ಪಾಲು ಮಾಡಿ ಪಾಲಿಗೊಂದು ತಾಲೀಮು ಇಟ್ಟಿದ್ದರು. ಸಿದ್ದಿಕ್ ಶಾ ತಾಲೀಮ್, ನೂರ್ ಖಾನ್ ತಾಲೀಮ್, ಮನಿಯಾರ ತಾಲೀಮ್, ಪನ್ಸಾಲ್ ತಾಲೀಮ್. ತಾಲೀಮು ಎಂದರೆ ಗರಡಿ. ಓಣಿಯ ಹುಡುಗರು ಅಲ್ಲಿ ಮೈ ಬೆಳೆಸಿ, ಹೊತ್ತು ಬಂದರೆ ಓಣಿಗಾಗಿ ನಿಲ್ಲಬೇಕು. ಈಗ ಗರಡಿಗಿಂತ ಹೆಸರೇ ಹೆಚ್ಚು ಗಟ್ಟಿಯಾಗಿ ಉಳಿದಿದೆ. ನನ್ನ ಶಾಲೆಯಲ್ಲಿ ಒಬ್ಬ ಹುಡುಗ ಇದ್ದಾನೆ, ಊದಿದರೆ ಹಾರುವ ಹಾಗಿದ್ದಾನೆ. ಎಲ್ಲಿ ಮನೆ ಎಂದು ಕೇಳಿದರೆ ಎದೆ ಸೆಟೆಸಿ "ತಾಲೀಮ್" ಎನ್ನುತ್ತಾನೆ.

ಮನೆ ಹಿಡಿಯುವಾಗ ಜೊತೆಗೆ ಬಂದವರು ನನ್ನ ಕಾಕಾ. ಚಾಚಾ ಉರ್ದುವಿನಲ್ಲಿ "ಸಾಡೇ ಚಾರ್ ಹಜಾರ್" ಎಂದರು. ಕಾಕಾ ಮರಾಠಿ ಸೇರಿದ ಕನ್ನಡದಲ್ಲಿ "ಪಾವಣೇ ಚಾರ್ ಮಾಡ್ರಿ" ಎಂದರು. ಕೊನೆಗೆ "ಸವ್ವಾ ಚಾರ್"ಗೆ, ಎಂದರೆ ನಾಲ್ಕೂಕಾಲು ಸಾವಿರಕ್ಕೆ, ಇಬ್ಬರೂ ಕೈ ಕೊಟ್ಟರು. ಸವ್ವಾ, ದೀಡ್, ಅಡೀಚ್, ಪಾವಣೇ ಎಂಬ ಮುರುಕು ಅಂಕೆಗಳಿಗೆ ನಮ್ಮ ಕಡೆ ಜಾತಿಯಿಲ್ಲ, ಗಡಿಯಿಲ್ಲ. ಬಾಡಿಗೆ ಯಾವ ಭಾಷೆಯಲ್ಲಿ ಇತ್ಯರ್ಥವಾಯಿತು ಎಂದು ಯಾರಾದರೂ ಕೇಳಿದರೆ ಕನ್ನಡ ಮಾಸ್ತರನಾಗಿ ನಾನು ಸುಮ್ಮನಿರುವುದೇ ಲೇಸು. 1956ರ ನವೆಂಬರ್ 1ಕ್ಕೆ ಜಿಲ್ಲೆಯನ್ನು ಹಂಚಿದಾಗ ಉದಗೀರು ಆಗಿನ ಮುಂಬಯಿ ರಾಜ್ಯದ, ಈಗಿನ ಮಹಾರಾಷ್ಟ್ರದ, ಕಡೆಗೆ ಬಿತ್ತು, ಜಹೀರಾಬಾದು ಆಂಧ್ರದ ಕಡೆಗೆ. ಬೀದರ, ಭಾಲ್ಕಿ, ಔರಾದ ಇತ್ತ ಉಳಿದವು. ಆದರೆ ಕಾಕಾ ಇವತ್ತಿಗೂ ಎತ್ತು ಕೊಳ್ಳಲು ಉದಗೀರಿಗೇ ಹೋಗುತ್ತಾರೆ. ಎತ್ತಿಗೆ ಭಾಷಾವಾರು ಪ್ರಾಂತ ಗೊತ್ತಿಲ್ಲ.

ನನ್ನ ಕೆಲಸವೂ ಒಂದು ಲೆಕ್ಕದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಕೊಟ್ಟದ್ದು. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದವರು ಅವರು. ಅಂಥವರು ಹಚ್ಚಿದ ದೀಪದಲ್ಲಿ ಓದಿದವರ ಮೊಮ್ಮಗ ನಾನು. ಈಗ ಉರ್ದು ಮನೆಮಾತಿನ ಮಕ್ಕಳಿಗೆ ಒತ್ತಕ್ಷರ ತಿದ್ದಿಸುತ್ತೇನೆ. ಅವರು ನನ್ನ ಉರ್ದುವನ್ನು ತಿದ್ದುತ್ತಾರೆ. ಅವರ ಕನ್ನಡ ನನ್ನ ಉರ್ದುವಿಗಿಂತ ಬಲು ಚೆನ್ನಾಗಿದೆ.

ಮನೆಯ ಗೋಡೆಯ ವಿಷಯ ಹೇಳಬೇಕು. ಕೆಂಪು ಜಂಬಿಟ್ಟಿಗೆ ಕಲ್ಲಿನ ಗೋಡೆ, ಒಂದು ಮೊಳಕ್ಕಿಂತ ದಪ್ಪ. ಬೀದರ ನಿಂತಿರುವುದೇ ಈ ಕೆಂಪು ಕಲ್ಲಿನ ಹಾಸಿನ ಮೇಲೆ. ನೆಲದಿಂದ ಕಡಿಯುವಾಗ ಮೆತ್ತಗೆ, ಬೆಲ್ಲದ ಹಾಗೆ ಕೊಡಲಿಗೆ ಬರುತ್ತದೆ. ಗಾಳಿ ಕುಡಿದ ಮೇಲೆ ಗಟ್ಟಿಯಾಗುತ್ತದೆ. ನಮ್ಮ ಮನೆಯದು ಎಷ್ಟು ಪರ್ಸೊಂ ಹಿಂದೆ ಗಾಳಿ ಕುಡಿದಿತ್ತೋ, ಒಂದು ಕ್ಯಾಲೆಂಡರು ನೇತುಹಾಕಲು ಹೋಗಿ ಐದು ಮೊಳೆ ಸೊಟ್ಟ ಮಾಡಿಕೊಂಡೆ. ಆರನೆಯದು ಒಳಗೆ ಹೋಯಿತು, ಪೂರ್ತಿ ಹೋಯಿತು. ಅಲ್ಲೊಂದು ಮುಚ್ಚಿಟ್ಟ ಗೂಡು ಇತ್ತು. ಒಳಗೆ ನಿಧಿ ಇದ್ದೀತೆಂದು ಬೆರಳು ಹಾಕಿದೆ. ಒಂದು ಸುಣ್ಣದ ಡಬ್ಬಿ ಸಿಕ್ಕಿತು. ಖಾಲಾ, ಎಂದರೆ ಚಾಚಾರ ಮನೆಯವರು, ನೋಡಿ ಹಿಗ್ಗಿದರು. "ನಮ್ ಅತ್ತೀದು! ಎಷ್ಟ್ ಹುಡುಕಿದ್ರು ಪಾಪ!" ಯಾವಾಗ ಕಳೆದಿತ್ತು ಎಂದು ನಾನು ಕೇಳಲಿಲ್ಲ.

ಈ ಜಂಬಿಟ್ಟಿಗೆಯೇ ಬೀದರಿಗೆ ನೀರನ್ನೂ ಕೊಟ್ಟದ್ದು. ಮಳೆ ನೀರು ಅದರ ತೂತುಗಳಲ್ಲಿ ಇಳಿಯುತ್ತದೆ, ಕೆಳಗಿನ ಕರಿಕಲ್ಲು ಬಂದಲ್ಲಿ ಮುಂದೆ ಇಳಿಯಲಾರದೆ ಅಡ್ಡ ಹರಿದು ದಿಬ್ಬದ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ನಾನಕ್ ಝಿರಾ, ಎದೆಮಟ್ಟ ನೀರಲ್ಲಿ ಸುರಂಗ ನಡೆದು ದರ್ಶನ ಮಾಡುವ ನರಸಿಂಹ ಝಿರಾ, ಎಲ್ಲ ಇದೇ ಕಲ್ಲಿನ ಕೃಪೆ. ನೌಬಾದಿನಲ್ಲಿ ನೆಲದೊಳಗೆ ಕಾಲುವೆ ಕೊರೆದು, ನಡುನಡುವೆ ಗಾಳಿಬಾವಿ ಬಿಟ್ಟು, ಇಳಿಜಾರಿನಲ್ಲೇ ನೀರು ತಂದ ಕರೇಜ್ ಕೂಡ ಇದೇ ಗುಟ್ಟನ್ನು ಹಿಡಿದದ್ದು. ಇರಾನಿನ ಕಸುಬು, ಬಹಮನಿಗಳ ಕಾಲದಲ್ಲಿ ಇಲ್ಲಿಗೆ ಬಂತು. ನನ್ನ ಅಡುಗೆ ಮನೆಯ ಸೋರಿಕೆಯೂ ಇದೇ ಭೂಗರ್ಭಶಾಸ್ತ್ರದ ಒಂದು ಅಧ್ಯಾಯ ಎಂದು ಚಾಚಾರ ಸಮಜಾಯಿಷಿ.

ಅವರ ಕಷ್ಟವೂ ಸುಳ್ಳಲ್ಲ. 2010ರ ತಿದ್ದುಪಡಿ ಕಾನೂನಿನಂತೆ ಸಂರಕ್ಷಿತ ಸ್ಮಾರಕದಿಂದ ನೂರು ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ. ಆಚೆಯ ಇನ್ನೂರು ಮೀಟರಿನಲ್ಲಿ ಅನುಮತಿ ಬೇಕು. ನಮ್ಮ ಮನೆ ನೂರರೊಳಗೆ ಬರುತ್ತದೆ. ಮಗನ ಮದುವೆಗೆ ಮಾಳಿಗೆ ಮೇಲೆ ಒಂದು ಕೋಣೆ ಎಬ್ಬಿಸಬೇಕೆಂಬ ಖಾಲಾರ ಆಸೆ ಹಾಗೇ ಉಳಿಯಿತು. ಖಾಲಾರಿಗೆ ಕಾನೂನಿನ ಮೇಲೆ ಸಿಟ್ಟಿಲ್ಲ, ಗಾವಾನನ ಮೇಲಿದೆ. "ಅಷ್ಟು ದೊಡ್ಡ ವಜೀರ. ಇಷ್ಟು ಜಾಗ ಬಿಟ್ಟು ನಮ್ ಮನೀ ಬಾಜೂಕೇ ಕಟ್ಟಬೇಕಿತ್ತಾ?"

ಗಾವಾನ ಇರಾನಿನ ಗಿಲಾನದಿಂದ ವ್ಯಾಪಾರಕ್ಕೆ ಬಂದವನು. ಬಂದವನು ಬಹಮನಿ ರಾಜ್ಯದ ವಜೀರನಾದ. 1472ರಲ್ಲಿ ಈ ಮದರಸಾ ಮುಗಿಸಿದ, ಇದರ ಪುಸ್ತಕ ಭಂಡಾರದಲ್ಲಿ ಮೂರು ಸಾವಿರ ಹಸ್ತಪ್ರತಿ ಇದ್ದವೆನ್ನುತ್ತಾರೆ. ಆಗದವರು ಅವನ ಮೊಹರು ಒತ್ತಿದ ಖಾಲಿ ಕಾಗದದಲ್ಲಿ ಒರಿಸ್ಸಾದ ರಾಜನಿಗೆ ಕಳ್ಳಪತ್ರ ಬರೆದರು. ಸುಲ್ತಾನ ಕುಡಿದ ಅಮಲಿನಲ್ಲಿ 1481ರಲ್ಲಿ ತಲೆ ತೆಗೆಸಿದ. ಸಹಿ ಹಾಕಿದ ಖಾಲಿ ಕಾಗದ ಯಾರ ಕೈಗೂ ಕೊಡಬಾರದು ಎಂದು ನಮ್ಮಪ್ಪ ಸೊಸೈಟಿ ಸಾಲದ ವಿಷಯದಲ್ಲಿ ಹೇಳುತ್ತಿದ್ದ ಬುದ್ಧಿಮಾತು ನನಗೆ ಪ್ರತಿ ಸಲ ಇಲ್ಲಿ ನೆನಪಾಗುತ್ತದೆ.

ಅದೇ ಕಾಲಕ್ಕೆ ರಷ್ಯಾದ ತ್ವೇರ್ ಊರಿನ ಅಫಾನಸಿ ನಿಕಿತಿನ್ ಎಂಬ ವ್ಯಾಪಾರಿಯೂ ಬೀದರಿಗೆ ಬಂದಿದ್ದ. ಮಾರಲು ಒಂದೇ ಒಂದು ಕುದುರೆ ತಂದಿದ್ದ. ಅದನ್ನು ದಾರಿಯಲ್ಲಿ ಜುನ್ನರಿನ ಖಾನ ಕಿತ್ತುಕೊಂಡು, ಧರ್ಮ ಬಿಟ್ಟರೆ ಕೊಡುತ್ತೇನೆ ಎಂದ. ಹೇಗೋ ಕುದುರೆ ಮರಳಿ ಸಿಕ್ಕಿ, ಬೀದರಿನಲ್ಲಿ ಮಾರಾಟವಾಯಿತು. ಅಷ್ಟು ದೂರದಿಂದ ಬಂದವನು ಇಲ್ಲಿ ಏನು ನೋಡಿದ? ಅಮೀರರು ಬೆಳ್ಳಿ ಪಲ್ಲಕ್ಕಿಯಲ್ಲಿ ಹೋಗುವುದನ್ನು, ಹಳ್ಳಿ ಜನ ಬಡತನದಲ್ಲಿರುವುದನ್ನು. ಮೆಹಕರದಂಥ ಊರಿನವರನ್ನು ನೋಡಿ ಬರೆದು ಹೋದ ಮೊದಲ ಪರದೇಶಿಗಳಲ್ಲಿ ಅವನೊಬ್ಬ ಎಂದು ನನಗೆ ಅವನ ಮೇಲೆ ಪ್ರೀತಿ.

ರಾತ್ರಿ ಒಂಬತ್ತರ ಮೇಲೆ ಹಳೇ ಊರಿನ ಗಲ್ಲಿಗಳು ನಾಯಿಗಳ ವಶ. ಬೀದರ ರಾಜಧಾನಿಯಾದದ್ದಕ್ಕೂ ನಾಯಿಯದೇ ಒಂದು ಕತೆ ಇದೆ. ಬಹಮನಿ ಸುಲ್ತಾನ ಅಹಮದ್ ಶಾ ಬೇಟೆಗೆ ಬಂದಾಗ ನರಿಯೊಂದು ಅವನ ನಾಯಿಗಳಿಗೇ ತಿರುಗಿಬಿತ್ತು, ಈ ನೆಲದ ಗುಣ ದೊಡ್ಡದೆಂದು ಅವನು ಕಲಬುರಗಿ ಬಿಟ್ಟು ಇಲ್ಲಿಗೆ ಬಂದ ಎಂದು. ವಿಜಯನಗರಕ್ಕೆ ಮೊಲ, ಬೀದರಿಗೆ ನರಿ. ನಾಯಿಗಳು ಎಲ್ಲ ಕಡೆ ಸೋತಿವೆ. ಆ ಸೇಡನ್ನು ಈಗಿನ ನಾಯಿಗಳು ಟ್ಯೂಷನ್ ಮುಗಿಸಿ ಬರುವ ಮಾಸ್ತರನ ಮೇಲೆ ತೀರಿಸಿಕೊಳ್ಳುತ್ತವೆ. ಹಾಗೆ ಓಡಿ ಓಡಿಯೇ ನನಗೆ ಅರ್ಧ ಊರಿನ ಪರಿಚಯವಾಯಿತು. ಕಟ್ಟಡ ನೋಡಬೇಕೆಂದು ಹೊರಟ ದಿನ ನಾನೇನೂ ನೋಡಿಲ್ಲ. ಹಿಟ್ಟಿನ ಗಿರಣಿ ಹುಡುಕುವಾಗ ಕೆತ್ತನೆಯ ಬಾಗಿಲು ಸಿಕ್ಕಿದೆ. ಗ್ಯಾಸ್ ಪುಸ್ತಕ ಕಳೆದ ದಿನ, ಒಂದು ಗೋರಿಯ ನೆರಳಲ್ಲಿ ಮೂರು ತಲೆಮಾರಿನ ಹೆಂಗಸರು ಕೂತು ಹುಣಸೆ ಬಿಡಿಸುವುದು ಕಂಡಿದೆ.

ಅಹಮದ್ ಶಾ ಮಲಗಿರುವುದು ಊರಾಚೆ ಅಷ್ಟೂರಿನಲ್ಲಿ. ಅವನನ್ನು ನಮ್ಮ ಕಡೆಯವರು ಅಲ್ಲಮಪ್ರಭು ಎಂದು ಕರೆಯುತ್ತಾರೆ. ವರ್ಷಕ್ಕೊಮ್ಮೆ ಕಲಬುರಗಿ ಜಿಲ್ಲೆಯ ಮಾದ್ಯಾಳದಿಂದ ಜಂಗಮರು ನಡೆದು ಬಂದ ಮೇಲೆಯೇ ಉರುಸು ನಡೆಯುವುದು. ಜಾತ್ರೆಯಲ್ಲಿ ಕಾಯಿಯೂ ಒಡೆಯುತ್ತದೆ, ಫಾತಿಹಾವೂ ಆಗುತ್ತದೆ. ಇದನ್ನು ದೊಡ್ಡ ಸಂಗತಿ ಎಂದು ಹೇಳಿಕೊಂಡು ಬೆಂಗಳೂರಿನಿಂದ ಒಬ್ಬ ಗೆಳೆಯ ನೋಡಲು ಬಂದಿದ್ದ. ಖಾಲಾ ಅವನನ್ನು ಕೇಳಿದ್ದು ಒಂದೇ ಮಾತು: "ಜಾತ್ರಿಯಾಗ ಬಳೀ ಅಂಗಡಿ ಬಂದಿದ್ವಾ?"

ಮುಂಗಾರು ಮುಗಿದ ಮೇಲೆ ಕಾಕಾ ಮತ್ತೆ ಬಂದರು. ಉದ್ದು ಮಾರಲು ಬಂದವರು ಒಂದು ದಿನ ಉಳಿದರು. ಮಾಳಿಗೆ ಮೇಲೆ ನಿಲ್ಲಿಸಿ ಮದರಸಾ ತೋರಿಸಿದೆ. ಅವರು ಹೆಗಲ ಟವೆಲ್ಲು ತೆಗೆದು ಕಣ್ಣು ಒರೆಸಿಕೊಂಡು ಬಹಳ ಹೊತ್ತು ನೋಡಿದರು. ಮಿನಾರಿನ ಸುತ್ತ ನೀಲಿ ಬಿಳಿ ಹಂಚಿನ ತುಂಡುಗಳು ಹಲ್ಲು ಹಲ್ಲಾಗಿ ಏರಿಹೋಗಿವೆ.

"ಕಂಬಳಿ ನೇಯ್ದಂಗ ಅದ" ಎಂದರು. ಆಮೇಲೆ, "ಇನ್ನೊಂದು ಯಾಕ ಕಟ್ಟಿಲ್ಲ? ರೊಕ್ಕ ಸಾಲಿಲ್ಲೇನ್?"

"ಕಟ್ಟಿದ್ರು ಕಾಕಾ. ಬಿದ್ದದ."

"ಎಂದ್?"

ಚಾಚಾ ಬಾಯಿ ತೆರೆಯುವುದರೊಳಗೆ ನೆತ್ತಿ ಮೇಲೆ ವಾಯುಸೇನೆಯ ವಿಮಾನವೊಂದು ಆಕಾಶ ಹರಿದುಕೊಂಡು ಹೋಯಿತು. ಬೀದರಿನಲ್ಲಿ ಪೈಲಟ್ಟುಗಳಿಗೆ ತರಬೇತಿ ನಡೆಯುತ್ತದೆ, ನಮ್ಮ ಅರ್ಧ ಸಂಭಾಷಣೆಗಳನ್ನು ಅವರೇ ತಿನ್ನುತ್ತಾರೆ. ಕಾಕಾ ಮಿನಾರಿನತ್ತ ಅನುಮಾನದಿಂದ ನೋಡಿದರು. ವಿಮಾನವೇ ಬೀಳಿಸಿತೆಂದು ಅವರು ತಿಳಿದುಕೊಂಡರು ಎಂದು ನನ್ನ ಊಹೆ.

ಸಂಜೆ ಅವರನ್ನು ಚೌಬಾರಾ ಕಡೆ ಬಿದರಿ ಕೆಲಸದ ಅಂಗಡಿಗೆ ಕರೆದುಕೊಂಡು ಹೋದೆ. ಈ ಗಲ್ಲಿಗಳಲ್ಲಿ ಮನೆಯ ಮುಂದಿನ ಕೋಣೆಯೇ ಕಾರಖಾನೆ. ಹೊರಗಿನಿಂದಲೇ ಟಿಕ್ ಟಿಕ್ ಎಂಬ ಸಣ್ಣ ಸುತ್ತಿಗೆ ಸದ್ದು. ಬಿದರಿಗೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 2023ರಲ್ಲಿ ಇಲ್ಲಿನ ಕುಶಲಕರ್ಮಿ ಶಾ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ನಾವು ಹೋದದ್ದು ಯಾವ ಪ್ರಶಸ್ತಿಯೂ ಇಲ್ಲದ, ಒಂದು ಬಲ್ಬಿನ ಅಂಗಡಿಗೆ.

ನೆಲದ ಮೇಲೆ ಚಕ್ಕಳಮಕ್ಕಳ ಕೂತ ಮನುಷ್ಯ ಒಂದು ಹೂಜಿಯನ್ನು ಕಾಲ ಮಧ್ಯೆ ಒತ್ತಿ ಹಿಡಿದಿದ್ದ. ಹದಿನಾರು ಪಾಲು ಜಸ್ತಕ್ಕೆ ಒಂದು ಪಾಲು ತಾಮ್ರ ಕೂಡಿಸಿ ಎರಕ ಹೊಯ್ದದ್ದು. ಉಜ್ಜಿ ನಯ ಮಾಡಿ ಮೈಲುತುತ್ತದ ನೀರು ಸವರಿದ್ದಾರೆ, ಮೈಯೆಲ್ಲ ಸದ್ಯಕ್ಕೆ ಕಪ್ಪಾಗಿದೆ. ಆ ಕಪ್ಪಿನ ಮೇಲೆ ಅವನು ಗೆರೆ ಬರೆದುಕೊಳ್ಳದೆ, ನೇರ ಉಳಿಯಲ್ಲಿ ಹೂಬಳ್ಳಿ ಕೊರೆಯುತ್ತಿದ್ದ. ಉಳಿಗೆ ಅವರು ಕಲಂ ಅನ್ನುತ್ತಾರೆ. ಕೊರೆದ ಗೀರಿನೊಳಗೆ ಕೂದಲಿನಂಥ ಬೆಳ್ಳಿ ತಂತಿ ಕೂರಿಸಿ, ಸುತ್ತಿಗೆಯಿಂದ ಎರಡು ಏಟು, ಉಗುರಿನಿಂದ ಒಂದು ಒತ್ತು. ತಂತಿ ಬಗ್ಗಿದಲ್ಲಿ ಅವನ ಕತ್ತೂ ಅಷ್ಟೇ ಬಗ್ಗುತ್ತಿತ್ತು.

ಮೂಲೆಯಲ್ಲಿ ಒಂದು ಡಬ್ಬಿ ಮಣ್ಣು. ಕೋಟೆಯೊಳಗೆ ಬಿಸಿಲು ಮಳೆ ತಾಕದ ಕತ್ತಲ ಜಾಗಗಳಿಂದ ತಂದ ಮಣ್ಣು. ಕೊನೆಗೆ ಪಾತ್ರೆಯನ್ನು ಬಿಸಿ ಮಾಡಿ, ನವಸಾಗರ ಕೂಡಿಸಿದ ಈ ಮಣ್ಣಿನಿಂದ ತಿಕ್ಕಿದರೆ ಜಸ್ತ ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಯಾವ ಮಣ್ಣಾದರೂ ಆಗದು. ಆಗುತ್ತದೋ ಇಲ್ಲವೋ ಎಂದು ಗೊತ್ತಾಗುವುದು ಹೇಗೆ ಎಂದು ಕೇಳಿದೆ. ಆ ಮನುಷ್ಯ ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ತೋರಿಸಿದ.

ಅಲ್ಲಿಯವರೆಗೆ ಆಕಳಿಸುತ್ತಿದ್ದ ಕಾಕಾ ಮುಂದಕ್ಕೆ ಸರಿದರು. "ತಾ ಇಲ್ಲಿ" ಎಂದು ಕೈ ಚಾಚಿ ತಾವೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಅಂಗಡಿಯಲ್ಲಿ ಸುತ್ತಿಗೆ ನಿಂತಿತು. ಕಾಕಾ ನಾಲಿಗೆಯಲ್ಲಿ ಮಣ್ಣನ್ನು ಆಚೆ ಈಚೆ ಆಡಿಸಿ, ಹೊರಗೆ ಹೋಗಿ ಉಗುಳಿ ಬಂದು ತೀರ್ಪು ಕೊಟ್ಟರು.

"ಖಾರದ. ಜ್ವಾಳಕ್ಕ ನಡೆಂಗಿಲ್ಲ."

"ಜೋಳಕ್ಕ ನಡೀತಿದ್ರ ನಮಗ ನಡೀತಿರ್ಲಿಲ್ಲ, ಕಾಕಾ" ಎಂದ ಆ ಮನುಷ್ಯ. ಇಬ್ಬರೂ ನಕ್ಕರು. ಆಮೇಲೆ ಅರ್ಧ ಗಂಟೆ ಅವರಿಬ್ಬರೂ ಮಣ್ಣಿನ ಬಗ್ಗೆಯೇ ಮಾತಾಡಿದರು, ನಾನು ಹೊಸಲಿನ ಮೇಲೆ ಕೂತು ಚಹಾ ಕುಡಿದೆ. ಹೊರಡುವಾಗ ಕಾಕಾ ಒಂದು ಮುಷ್ಟಿ ಮಣ್ಣನ್ನು ಕಾಗದದಲ್ಲಿ ಕಟ್ಟಿಸಿಕೊಂಡರು. ಬೆಳ್ಳಿಯ ಕುಂಕುಮ ಭರಣಿ, ಕಿವಿಯೋಲೆ ಎಲ್ಲ ಇದ್ದ ಅಂಗಡಿಯಿಂದ ಮೆಹಕರಕ್ಕೆ ಹೋದದ್ದು ಅದೊಂದೇ.

ಹದಿನೈದು ದಿನದ ಮೇಲೆ ಫೋನು. "ತಮ್ಮಾ, ಆ ಮಣ್ಣು ನಮ್ ಜಸ್ತದ ಬಕೆಟ್ಟಿಗಿ ತಿಕ್ಕಿದೆ. ಒಂದ್ ತಾಸು ತಿಕ್ಕಿದೆ. ಕರಿ ಆಗ್ಲಿಲ್ಲ. ನಿಮ್ ಕಾಕಿ ಬೈಲತ್ತಾಳ. ಆ ಮನುಷ್ಯಾಗ ಕೇಳು, ಏನ್ ತಪ್ಪಾಗ್ಯದ."

ಕೇಳಬೇಕೆಂದುಕೊಂಡೆ. ಪರೀಕ್ಷೆ ಬಂತು, ಪೇಪರು ತಿದ್ದುವುದು ಬಂತು, ಒಂದು ಅಕಾಲ ಮಳೆ ಬಂದು ಪಾತೇಲಿ ತುಂಬಿತು. ಕೊನೆಗೊಂದು ಸಂಜೆ ಗಿರಣಿಗೆ ಹೋದವನು ಅಂಗಡಿಗೆ ಹೊಕ್ಕು ಬಕೆಟ್ಟಿನ ವಿಷಯ ಹೇಳಿದೆ. ಆ ಮನುಷ್ಯ ನಗುತ್ತ ಸುತ್ತಿಗೆ ಕೆಳಗಿಟ್ಟ. ಬಕೆಟ್ಟು ಬಿಸಿ ಮಾಡಿದ್ದರೇನು? ಇಲ್ಲ. ನವಸಾಗರ ಹಾಕಿದ್ದರೇನು? ಅದೂ ಇಲ್ಲ.

"ಯಾವಾಗ ತಿಕ್ಕಿದ್ರು?"

ನಾನು ಹಿಟ್ಟಿನ ಚೀಲವನ್ನು ಈ ಕೈಯಿಂದ ಆ ಕೈಗೆ ದಾಟಿಸಿ ಹೇಳಿದೆ, "ಪರ್ಸೊಂ."